ಗಡಿಯಾರ ಕಟ್ಟಿದ ರಾಕ್ಷಸ

ಸಿನಿಮಾ ಯಂತ್ರದ ಕೋಣೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ಒಮ್ಮೊಮ್ಮೆ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಚಾ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ: "ಅಜ್ಜಾರ, ನಿಮ್ಮ ಕಾಲದಾಗ ಸಿನಿಮಾ ಬಾಳ ಚಲೋ ಇದ್ದುವಂತಲ್ರಿ, ಖರೇನ?"

ಖರೆ ಅಲ್ಲ. ಬಹಳ ಕೆಟ್ಟದಾಗಿದ್ದವು. ನಾನು ಕೈಯಾರೆ ತಿರುಗಿಸಿದವನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅವನ್ನು ಚಿಕ್ಕಂದಿನಲ್ಲಿ ನೋಡಿದವರ ಮುಂದೆ ಈ ಮಾತು ಆಡಬೇಡಿ. ಇದು ಮೊದಲ ಪಾಠ. ಬಡ್ತಿಯ ಕಥೆಯನ್ನು ಇಲ್ಲೇ ಮುಗಿಸುತ್ತೇನೆ: ಸಹಾಯಕನಾಗಿ ಸೇರಿದೆ, ಆಪರೇಟರ್ ಆದೆ, ಕೊರಳಿಗೊಂದು ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಅದನ್ನು ವಿಸ್ತರಿಸಿ ಬರೆದರೆ ಓದುವವರಿಗಿಂತ ಮೊದಲು ನನಗೇ ನಿದ್ದೆ ಬರುತ್ತದೆ.

ನಮ್ಮದು ವಿಜಾಪುರದ ಜೋರಾಪುರ ಪೇಟೆ. ಮನೆಯ ಹಿಂದೆ ಎಣ್ಣೆ ಗಾಣವಿತ್ತು. ಎತ್ತಿನ ಹಿಂದೆ ಸುತ್ತುವುದು ನನ್ನ ಪಾಲಿಗೆ ಬಂದ ಕೆಲಸ. ಬೆಳಿಗ್ಗೆ ಸುತ್ತಲು ಶುರು ಮಾಡಿದರೆ ಸಂಜೆಗೆ ನಿಂತ ಮೇಲೂ ನೆಲ ಸುತ್ತುತ್ತಲೇ ಇರುತ್ತಿತ್ತು. ನಲವತ್ತರ ದಶಕದ ನಡುವಿನ ಮಾತು, ಯುದ್ಧ ಆಗ ತಾನೇ ಮುಗಿದಿತ್ತು. ನಮ್ಮ ಓಣಿಯ ಚನ್ನಪ್ಪ ಮಾಲಕರು ಕಾಳಿನ ವ್ಯಾಪಾರ ಬಿಟ್ಟು ಒಂದು ಸಿನಿಮಾ ಡೇರೆ ಕೊಂಡಿದ್ದರು. ಯಂತ್ರ ತಿರುಗಿಸಲು ರಟ್ಟೆ ಗಟ್ಟಿಯಿರುವ ಹುಡುಗ ಬೇಕೆಂದರು. ನಾನು ಹೋಗಿ ನಿಂತೆ. ಅಪ್ಪ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ:

"ಹೋಗು. ಆದ್ರ ಕೆಲಸ ಬಿಡಿಸಿಕೊಂಡು ತಿರುಗಿ ಬಂದ್ರ, ಎತ್ತಿಗೆ ರಜಾ ಕೊಟ್ಟು ನಿನ್ನ ಹೂಡ್ತೇನಿ ನೋಡಲೇ ಈರ್ಯಾ."

ಅಪ್ಪ ತಮಾಷೆಯ ಮನುಷ್ಯನಲ್ಲ. ಹಾಗಾಗಿ ಆ ಡೇರೆಯಲ್ಲಿ ನಾನು ಪ್ರತಿದಿನ ಮಾಡಿದ ಪ್ರಾರ್ಥನೆ ಒಂದೇ, ಕೆಲಸ ಹೋಗಬಾರದು.

ಮಾತಾಡುವ ಸಿನಿಮಾ ಬಂದು ಎಷ್ಟೋ ವರ್ಷವಾಗಿತ್ತು. ಈಗಿನ ಗಾಂಧಿ ಚೌಕದ ಕಡೆ ಹೋದರೆ ಹಾಡೂ ಕೇಳಿಸುತ್ತಿತ್ತು. ನಮ್ಮ ಡೇರೆಗೆ ಮಾತ್ರ ಮಾತು ಬಂದಿರಲಿಲ್ಲ. ನಮ್ಮದು ಮೂಕ ಸಿನಿಮಾ, ಕೈಯಿಂದ ತಿರುಗಿಸುವ ಯಂತ್ರ, ದೀಪಕ್ಕೆ ಕೆಮ್ಮುವ ಒಂದು ಎಣ್ಣೆ ಇಂಜಿನ್ನು. ಮಾತಿನ ಕೊರತೆಯನ್ನು ಮಾಲಕರೇ ತುಂಬುತ್ತಿದ್ದರು. ಪರದೆಯ ಪಕ್ಕ ನಿಂತು, ತಗಡಿನ ಭೋಂಗಾ ಬಾಯಿಗೆ ಹಿಡಿದು, ರಾಜ, ರಾಣಿ, ಋಷಿ, ಕುದುರೆ ಎಲ್ಲರ ಮಾತೂ ಅವರದೇ. ದೇವಿಗೆ ಸಣ್ಣ ದನಿ ತೆಗೆಯುತ್ತಿದ್ದರು. ರಾಕ್ಷಸನಿಗೆ ಏನೂ ತೆಗೆಯಬೇಕಿರಲಿಲ್ಲ, ಅದು ಅವರ ಸ್ವಂತ ದನಿ.

ಯಂತ್ರವನ್ನು ಒಂದೇ ಹದದಲ್ಲಿ ತಿರುಗಿಸಬೇಕೆಂದು ಈಗಿನವರಿಗೆ ಕಲಿಸುತ್ತಾರೆ. ನನಗೆ ಕಲಿಸಿದ್ದು ಬೇರೆ. ಮಾಲಕರಿಗೆ ಮಾತು ಹೆಚ್ಚು ಹೊಳೆದ ದಿನ, "ಹಗೂರ ತಿರುಗಸಲೇ, ರಾಣಿದು ಇನ್ನೂ ಮುಗದಿಲ್ಲ!" ಎಂದು ಭೋಂಗಾದಲ್ಲೇ ಕೂಗುತ್ತಿದ್ದರು. ರಾಣಿ ನೀರಿನಲ್ಲಿ ನಡೆದ ಹಾಗೆ ನಡೆಯುತ್ತಿದ್ದಳು. ಮೋಡ ಕವಿದ ದಿನ "ಲಗೂ ಲಗೂ!" ಎನ್ನುತ್ತಿದ್ದರು. ಒಮ್ಮೆ ಗಾಳಿಗೆ ಹೆದರಿ ನಾನು ತಿರುಗಿಸಿದ ರಭಸಕ್ಕೆ ಒಂದು ಇಡೀ ವನವಾಸ ಉಂಡು ಕೈತೊಳೆಯುವಷ್ಟರಲ್ಲಿ ಮುಗಿಯಿತು. ಜನ ಬೇಸರಪಡಲಿಲ್ಲ. "ಪಾಪ, ಲಗೂನ ಮನಿಗೆ ಬಂದ್ರು" ಎಂದು ಒಬ್ಬ ಮುದುಕಿ ಸಮಾಧಾನಪಟ್ಟಳು.

ನಮ್ಮ ಬಳಿ ಇದ್ದ ಸಿನಿಮಾಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದರ ಹೆಸರು ನಮಗೇ ಗೊತ್ತಿರಲಿಲ್ಲ. ಹೆಸರಿರುವ ಮೊದಲ ತುಂಡು ನಮ್ಮ ಕೈಗೆ ಬರುವ ಮೊದಲೇ ಹರಿದುಹೋಗಿತ್ತು. ಜನ ಅದನ್ನು 'ಗಡಿಯಾರದ ರಾಕ್ಷಸ' ಎನ್ನುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿರುವಂಥದು: ರಾಕ್ಷಸ ಲೋಕಕ್ಕೆಲ್ಲ ಕಾಟ ಕೊಡುತ್ತಾನೆ, ಕೊನೆಗೆ ದೇವಿ ಬಂದು ಕೊಲ್ಲುತ್ತಾಳೆ. ಆದರೆ ತಪ್ಪುಗಳು, ಅಬ್ಬಬ್ಬಾ! ಋಷಿಯ ಆಶ್ರಮದ ಹಿಂದೆ ತಂತಿ ಕಂಬ ನಿಂತಿತ್ತು. ಹಾರುವ ಕುದುರೆಯ ಹೊಟ್ಟೆಗೆ ಕಟ್ಟಿದ ಹಗ್ಗ ಕೊನೆಯ ಸಾಲಿಗೂ ಕಾಣುತ್ತಿತ್ತು. ದೇವಿ ತ್ರಿಶೂಲ ಎತ್ತಿದಾಗ ಕಿರೀಟ ವಾಲುತ್ತಿತ್ತು, ಇನ್ನೊಂದು ಕೈಯಿಂದ ಸರಿಪಡಿಸಿಕೊಂಡು ಆಮೇಲೆ ಚುಚ್ಚುತ್ತಿದ್ದಳು. ಸತ್ತ ರಾಕ್ಷಸನ ಹೊಟ್ಟೆ ಏರಿಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡದು, ಅವನು ಅಂಗಾತ ಬಿದ್ದಾಗ ಕೈ ನೇರವಾಗಿ ನಮ್ಮ ಮುಂದೆ ಚಾಚುತ್ತಿತ್ತು. ಮಣಿಕಟ್ಟಿನಲ್ಲಿ ಒಂದು ಕೈಗಡಿಯಾರ. ಅದರಲ್ಲಿ ನಾಲ್ಕೂವರೆ.

ಮೊದಲ ವರ್ಷ ಯಾರೋ ಒಬ್ಬ ಗುರುತಿಸಿ ಕೂಗಿದನಂತೆ. ಆಮೇಲೆ ಅದೇ ಪದ್ಧತಿಯಾಯಿತು. ದೇವಿಯ ಕಾಲು ರಾಕ್ಷಸನ ಎದೆಯ ಮೇಲೆ ಬೀಳುತ್ತಿದ್ದಂತೆ ಡೇರೆಯ ಗಂಡಸರು, ಹೆಂಗಸರು, ತೊಡೆಯ ಮೇಲಿನ ಕೂಸುಗಳ ಸಮೇತ ಒಂದೇ ಉಸಿರಿಗೆ, "ನಾಕೂವರೀ!" ಎನ್ನುತ್ತಿದ್ದರು. ಟಿಕೋಟಾ, ಬಬಲೇಶ್ವರ, ನಿಡೋಣಿ, ಎಲ್ಲಿ ಡೇರೆ ಹೊಡೆದರೂ ಅಷ್ಟೇ. ಟಿಕೋಟಾದ ಹೊಲಗಳಲ್ಲಿ ಮಧ್ಯಾಹ್ನದ ಮೇಲೆ ಕೆಲಸ ನಿಲ್ಲಿಸಿ, "ರಾಕ್ಷಸ ಸತ್ತ, ಚಾ ಕುಡ್ಯೂಣು ಬರ್ರಿ" ಎನ್ನುತ್ತಿದ್ದರು.

ಹೀಗಿರುವಾಗ ಮಾಲಕರ ಅಳಿಯ ಬಂದ.

ಅಳಿಯನ ಹೆಸರು ಶಿವಾನಂದ. ಪುಣೆಯಲ್ಲಿ ಕಾಲೇಜು ಓದಿದವನು. ಮದುವೆಯಲ್ಲಿ ಮಾಲಕರು ಅವನಿಗೆ ರೂಢಿಯಂತೆ ಹೊಸ ಕೈಗಡಿಯಾರ ಕಟ್ಟಿದ್ದರು, ಬಿಳಿ ಅಂಗಿಯ ತೋಳು ಅದರ ಸಲುವಾಗಿಯೇ ಸದಾ ಮಡಚಿರುತ್ತಿತ್ತು. ಮಾವನ ವ್ಯವಹಾರ ನೋಡಲೆಂದು ಟಿಕೋಟಾದ ಡೇರೆಗೆ ಬಂದು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತ. ತಂತಿ ಕಂಬಕ್ಕೆ ಮುಗುಳ್ನಕ್ಕ. ಹಗ್ಗಕ್ಕೆ ಕರವಸ್ತ್ರ ಬಾಯಿಗಿಟ್ಟುಕೊಂಡ. ಗಡಿಯಾರ ಬಂದಾಗ ಕುರ್ಚಿಯ ಸಮೇತ ಉರುಳಿದ.

ಜನ ನಕ್ಕರೆ ಮಾಲಕರಿಗೆ ಸಂತೋಷ. ಅಳಿಯ ನಕ್ಕರೆ ಮರ್ಯಾದೆಯ ಪ್ರಶ್ನೆ. ಮರುದಿನ ಮುಂಜಾನೆಯೇ ನನ್ನನ್ನು ಕರೆದರು.

"ಈರ್ಯಾ, ಆ ಸಿನಿಮಾದಾಗ ಅಳ್ಯಾ ದೇವರು ನಗೂ ಹಂತಾದ್ದು ಏನೇನೈತಿ, ಎಲ್ಲಾ ಕತ್ತರಿಸಿ ಒಗಿ."

"ಗಡಿಯಾರನೂರೀ?"

"ಗಡಿಯಾರನ ಮೊದಲ!"

ನನಗೆ ಆಗ ಏನು ತಿಳಿಯುತ್ತಿತ್ತು? ಹೇಳಿದ್ದನ್ನು ಮಾಡಿದೆ. ಕಂಬ ಹೋಯಿತು, ಹಗ್ಗ ಹೋಯಿತು, ವಾಲಿದ ಕಿರೀಟ ಹೋಯಿತು, ಗಡಿಯಾರದ ಮಾರುದ್ದದ ತುಂಡು ಹೋಯಿತು. ಉಳಿದ ತುದಿಗಳನ್ನು ಕೆರೆದು, ಬಾಳೆಹಣ್ಣಿನ ವಾಸನೆಯ ಅಂಟು ಹಚ್ಚಿ ಕೂಡಿಸಿದೆ. ಕತ್ತರಿಸಿದ ತುಂಡುಗಳನ್ನು ಕೇಳಿದವರಿಗೆ ಕೊಡುವುದು ಡೇರೆಯ ರೂಢಿ, ಜನ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಗಡಿಯಾರದ ತುಂಡನ್ನು ಗಂಗವ್ವ ಬೇಡಿ ಪಡೆದಳು. ಟಿಕೋಟಾದಲ್ಲಿ ಇದ್ದಷ್ಟು ದಿನ ನಮಗೆ ರೊಟ್ಟಿ ಬಡಿದು ಹಾಕುತ್ತಿದ್ದ ಮುದುಕಿ ಅವಳು. ತುಂಡನ್ನು ಬಿಸಿಲಿಗೆ ಹಿಡಿದು, "ಯವ್ವಾ, ಅಮ್ಮ ಅದಾಳ ಇದರಾಗ!" ಎಂದು ಕಣ್ಣಿಗೊತ್ತಿಕೊಂಡಳು. ಅದರ ಬದಲಿಗೆ ನನಗೆ ಆ ದಿನ ಒಂದು ರೊಟ್ಟಿ ಹೆಚ್ಚು ಬಿತ್ತು.

ಡೇರೆ ಕಿತ್ತು ಬಬಲೇಶ್ವರಕ್ಕೆ ಹೋದೆವು. ಹೊತ್ತು ಮುಳುಗುವ ಮೊದಲೇ ಜನ ತುಂಬಿತ್ತು, ನಿಡೋಣಿಯಿಂದಲೂ ಚಕ್ಕಡಿಗಳು ಬಂದಿದ್ದವು. ಆಶ್ರಮದಲ್ಲಿ ಕಂಬ ಕಾಣದಿದ್ದಾಗ ಅಲ್ಲಲ್ಲಿ ಗುಸುಗುಸು ಎದ್ದಿತು. ಕುದುರೆ ಹಾರಲೇ ಇಲ್ಲ, ಹಗ್ಗದ ಜೊತೆ ಹಾರಾಟವೂ ಹೋಗಿತ್ತು. "ಕುದರಿಗೆ ಏನಾತ್ರಿ, ಆರಾಮಿಲ್ಲೇನು?" ಎಂದು ಯಾರೋ ಕೇಳಿದರು. ಮಾಲಕರು ಭೋಂಗಾದಲ್ಲಿ ಕೆಮ್ಮಿ ಮುಂದೆ ಹೋದರು. ಕೊನೆಗೆ ದೇವಿಯ ಕಾಲು ಮೇಲೆದ್ದಿತು. ಇಡೀ ಡೇರೆ ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆಯಿತು. ಪರದೆ ಒಮ್ಮೆ ಜಿಗಿಯಿತು. ರಾಕ್ಷಸ ಇಲ್ಲ, ಕೈ ಇಲ್ಲ, ದೇವತೆಗಳು ಹೂವು ಚೆಲ್ಲುತ್ತಿದ್ದಾರೆ.

ತೆರೆದ ಬಾಯಿಗಳು ಹಾಗೇ ಉಳಿದವು. 

"ಗಡಿಯಾರ ಎಲ್ಲಿ?" ಎಂದಿತು ಒಂದು ದನಿ. ಆಮೇಲೆ ನೂರು ದನಿ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬನ ಕಣ್ಣು ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದ ಅಳಿಯನ ಮಣಿಕಟ್ಟಿನ ಮೇಲೆ ಬಿತ್ತು.

"ಯಪ್ಪಾ, ಇಲ್ಲೈತಿ ನೋಡ್ರಿ! ಮಾಲಕ ರಾಕ್ಷಸನ ಗಡಿಯಾರ ಬಿಚ್ಚಿ ಅಳ್ಯಾಗ ಕಟ್ಟ್ಯಾನ!"

ಡೇರೆ ನಗೆಯಿಂದ ಹಾರಿಹೋಗುವುದೊಂದು ಬಾಕಿ. ಶಿವಾನಂದ ಅಂಗಿಯ ತೋಳು ಬಿಚ್ಚಿ ಬೆರಳಿನವರೆಗೆ ಎಳೆದುಕೊಂಡ. "ಸತ್ತವನ ಮೈಮ್ಯಾಲಿಂದು ತಗೋಬಾರದ್ರಿ, ಅಪಶಕುನ!" ಎಂದು ಹೆಂಗಸರ ಕಡೆಯಿಂದ ಬುದ್ಧಿವಾದ ಬಂತು. ಆದರೆ ನಕ್ಕ ಮೇಲೂ ಯಾರೂ ಎದ್ದು ಮನೆಗೆ ಹೋಗಲಿಲ್ಲ. ಊರಿನ ಹಿರಿಯರೊಬ್ಬರು ನಿಂತು, ನಗದೆ ಹೇಳಿದರು:

"ಚನ್ನಪ್ಪಾರ, ನಾವು ಬರೂದು ಆ ಒಂದು ಮಾತು ಕೂಗಾಕ. ನಾಳೆ ಆಟದಾಗ ಗಡಿಯಾರ ಇರಬೇಕು. ಇಲ್ಲಂದ್ರ ಡೇರೆ ಕಿತಗೊಂಡು ನಡೀರಿ. ಬರೂ ವರ್ಷನೂ ಈ ಕಡೆ ಮಾರಿ ತೋರಸಬ್ಯಾಡ್ರಿ."

ಮಾಲಕರು ನೇರವಾಗಿ ನನ್ನ ಬಳಿ ಬಂದರು.

"ಕತ್ತರಿ ಹಿಡದಾಂವ ನೀನು. ನಾಳೆ ಸಂಜಿ ಒಳಗ ಗಡಿಯಾರ ಬರಬೇಕು. ಬರಲಿಲ್ಲಂದ್ರ ನಿಮ್ಮಪ್ಪನ ಗಾಣ ದಾರಿ ನೋಡಾಕತ್ತೈತಿ."

"ನೀವ ಹೇಳಿದ್ರಲ್ರಿ ಮಾಲಕರ?"

"ನಾ ಹೇಳಿದ್ನಿ. ನೀ ಯಾಕ ಕೇಳಿದಿ?"

ಹೊಸ ಹುಡುಗರೇ, ಮೇಲಿನವರ ಈ ಪ್ರಶ್ನೆಗೆ ಉತ್ತರವಿಲ್ಲ. ಹುಡುಕುತ್ತ ಕೂಡಬೇಡಿ.

ಬೆಳಕು ಹರಿಯುವಾಗ ಟಿಕೋಟಾದ ಗಂಗವ್ವನ ಮನೆಗೆಂದು ಸೈಕಲ್ಲು ಹತ್ತಿದೆ. ನೋಡಿದರೆ ಅಳಿಯ ತನ್ನ ಸೈಕಲ್ಲು ತಳ್ಳಿಕೊಂಡು ಬಂದು ನಿಂತಿದ್ದ. "ನಾನೂ ಬರ್ತೀನಿ. ಇಲ್ಲಿ ಹುಡುಗ್ರು ನಿನ್ನೆ ರಾತ್ರಿಯಿಂದ ಟೈಮ್ ಕೇಳಾಕತ್ತಾರ" ಎಂದ. ದಾರಿಯುದ್ದಕ್ಕೂ ನನ್ನ ಕಣ್ಣಮುಂದೆ ಗಾಣದ ನೊಗವೇ ಕುಣಿಯುತ್ತಿತ್ತು. ತುಳಿದ ತುಳಿತಕ್ಕೆ ಕಾಲು ಕಾಲಾಗಿ ಉಳಿಯಲಿಲ್ಲ.

ಗಂಗವ್ವ ಒಲೆಯ ಮುಂದೆ ಇದ್ದಳು.

"ಏನಲೇ ಈರ್ಯಾ, ರೊಟ್ಟಿ ನೆನಪಾತೇನು?"

"ರೊಟ್ಟಿ ಅಲ್ಲಬೇ. ಆ ಸಿನಿಮಾ ಪಟ್ಟಿ ತಿರುಗಿ ಬೇಕಾಗೇತಿ."

ಅವಳ ಮುಖ ಗಂಟಾಯಿತು. "ಕೊಟ್ಟದ್ದು ಇಸಕೊಳ್ಳಾಕ ಬಂದೀಯೇನು? ಅದು ಜಗಲಿ ಮ್ಯಾಲ ಕುಂತೈತಿ. ಕುಂತ ದೇವರನ್ನ ಎಬ್ಬಸ್ತಾರೇನು ಯಾರರ?"

ಒಳಗೆ ಹೋಗಿ ನೋಡಿದೆ. ದೇವರ ಜಗಲಿಯ ಮೇಲೆ ಪಟ್ಟಿ ಸುರುಳಿ ಸುತ್ತಿ ಕುಳಿತಿತ್ತು. ಮಾರುದ್ದದ ಆ ಪಟ್ಟಿಯಲ್ಲಿ ಒಂದರ ಕೆಳಗೊಂದು ಎಷ್ಟು ಪುಟ್ಟ ಚಿತ್ರಗಳಿದ್ದವೋ ಅಷ್ಟೂ ದೇವಿಯರ ಹಣೆಗೆ ಗಂಗವ್ವ ಎಣ್ಣೆಯಲ್ಲಿ ಕಲಸಿದ ಕುಂಕುಮ ಕಡ್ಡಿಯಿಂದ ಇಟ್ಟಿದ್ದಳು. ಎಣ್ಣೆ ಇಳಿದು, ಕೆಂಪು ಹರಡಿ, ದೇವಿಯ ಹಣೆಯಿಂದ ರಾಕ್ಷಸನ ಎದೆಯವರೆಗೆ ಸೋರಿತ್ತು.

"ಎಲ್ಲಾಕ್ಕೂ ಯಾಕ ಹಚ್ಚಿದಿಬೇ?" ಎಂದೆ, ಅಳು ಬರುವುದೊಂದು ಬಾಕಿ.

"ಒಬ್ಬಾಕಿಗೆ ಹಚ್ಚಿ ಬಾಜೂಕಿನಾಕಿಗೆ ಬಿಟ್ರ ಆಕಿ ಸುಮ್ನ ಇರ್ತಾಳೇನು?"

ಶಿವಾನಂದ ಕಾಲೇಜಿನ ತಾಳ್ಮೆಯಿಂದ ತಿಳಿಸಲು ಹೋದ. "ಹಂಗಲ್ಲ ಅಜ್ಜಿ. ಇವರೆಲ್ಲಾ ಬ್ಯಾರೆ ಬ್ಯಾರೆ ಅಲ್ಲ. ಯಂತ್ರದಾಗ ತಿರುಗಿಸಿದ್ರ ಎಲ್ಲಾ ಒಬ್ಬಾಕಿನ."

"ನಾನೂ ಅದನ್ನ ಹೇಳಾಕತ್ತೇನಿ. ಎಲ್ಲಾ ಒಬ್ಬಾಕಿನ, ಅದಕ್ಕ ಎಲ್ಲಾರಿಗೂ ಹಚ್ಚೇನಿ" ಎಂದಳು ಗಂಗವ್ವ. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀ ಮೊನ್ನೆ ಡೇರೇದಾಗ ಬಿದ್ದು ಬಿದ್ದು ನಕ್ಕಾಂವ ಹೌದಲ್ಲೋ? ಯಾಕ ನಕ್ಕಿ?"

"ಅಲ್ಲ... ರಾಕ್ಷಸ ಗಡಿಯಾರ ಕಟ್ಟಿದ್ದ, ಅದಕ್ಕ..."

"ಕಟ್ಟಲಿ. ನೀನೂ ಕಟ್ಟೀದಿ. ಅಂವಗ ತನ್ನ ವ್ಯಾಳೆ ಎಷ್ಟಕ್ಕ ಬರ್ತೈತಿ ಅಂತ ಗೊತ್ತಿತ್ತು. ನಿನಗ ಗೊತ್ತೈತೇನು?"

ಶಿವಾನಂದನನ್ನು ಪುಣೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

ನಾನು ಸುತ್ತಿ ಬಳಸಿ ಹೇಳಲಿಲ್ಲ. "ಯವ್ವಾ, ಇದು ಇಲ್ಲಂದ್ರ ನನ್ನ ಕೆಲಸ ಹೋಗ್ತೈತಿ. ನಮ್ಮಪ್ಪ ನನ್ನ ಗಾಣಕ್ಕ ಹೂಡ್ತಾನ" ಎಂದುಬಿಟ್ಟೆ. ಗಂಗವ್ವ ನನ್ನ ಹೆಗಲು ಮುಟ್ಟಿ ನೋಡಿ, ಅಲ್ಲಿ ನೊಗ ಕೂಡುವುದಿಲ್ಲ ಎನ್ನಿಸಿತೋ ಏನೋ, ಎದ್ದು ಸೀರೆ ಕೊಡವಿದಳು.

"ಕೊಡೂದಿಲ್ಲ. ನಾನ ಅಮ್ಮನ್ನ ಕರಕೊಂಡು ಬರ್ತೀನಿ. ಆಟ ಮುಗದ ಮ್ಯಾಲ ಆಕಿ ನನ್ನ ಕೂಡ ತಿರುಗಿ ಬರಬೇಕು. ಮತ್ತ ಕುಂಕುಮಕ್ಕ ಕೈ ಹಚ್ಚೀಯ, ಹುಷಾರ್!"

ಶಿವಾನಂದ ಓಡಾಡಿ ಒಂದು ಚಕ್ಕಡಿ ಹೊಂದಿಸಿದ. ಗಂಗವ್ವ ತಟ್ಟೆಯಲ್ಲಿ ಪಟ್ಟಿ ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿ ಕುಳಿತಳು. ಹಿಂದೆ ಎರಡು ಸೈಕಲ್ಲು. ದಾರಿಯಲ್ಲಿ ಸಿಕ್ಕವರು ಏನೆಂದು ಕೇಳಿದರೆ "ಅಮ್ಮ ಬಬಲೇಶ್ವರಕ್ಕ ಹೊಂಟಾಳ" ಎನ್ನುತ್ತಿದ್ದಳು. ಕೆಲವರು ಕೈಮುಗಿದರು. ಅಳಿಯನೂ ಬಬಲೇಶ್ವರ ಮುಟ್ಟುವಷ್ಟರಲ್ಲಿ ಕೈಮುಗಿಯಲು ಕಲಿತಿದ್ದ.

ಆಟಕ್ಕೆ ಸ್ವಲ್ಪ ಮುಂಚೆ ಪಟ್ಟಿಯನ್ನು ಮತ್ತೆ ಅಂಟಿಸಿದೆ. ಒಂದು ಹಸಿ ಬಟ್ಟೆ ನನ್ನ ಕಿಸೆಯಲ್ಲಿತ್ತು. ಎರಡು ಸಲ ಕೈ ಅದರತ್ತ ಹೋಯಿತು. ಎರಡು ಸಲವೂ ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತ ಗಂಗವ್ವ ಗಂಟಲು ಸರಿಮಾಡಿಕೊಂಡಳು. ಪರದೆಯ ಮೇಲೆ ಇಷ್ಟು ದೊಡ್ಡ ಕಲೆ ಬಿದ್ದರೆ ಮಾಲಕರು ಸುಮ್ಮನಿರುವವರಲ್ಲ. ಒರೆಸಿದರೆ ಗಂಗವ್ವ ಪಟ್ಟಿ ಕಿತ್ತುಕೊಂಡು ಹೋಗುವವಳು. ಹೇಗೆ ನೋಡಿದರೂ ನನಗೆ ಗಾಣವೇ ಕಾಣುತ್ತಿತ್ತು. ಸರಿ, ಆದದ್ದಾಗಲಿ ಎಂದು ಯಂತ್ರದ ಹಿಡಿಗೆ ಕೈ ಹಾಕಿದೆ.

ಕಂಬವಿಲ್ಲದ್ದನ್ನು ಜನ ಕ್ಷಮಿಸಿದರು, ಕುದುರೆ ಹಾರದ್ದನ್ನೂ ಕ್ಷಮಿಸಿದರು. ಎಲ್ಲರೂ ಕಾಯುತ್ತಿದ್ದುದು ಒಂದಕ್ಕೇ. ದೇವಿಯ ಕಾಲು ಎದ್ದಿತು. ಕೈ ಚಾಚಿತು. ಗಡಿಯಾರ!

"ನಾಕೂವರೀ!"

ಆ ಕೂಗಿನ ನಡುವೆಯೇ ಕೆಂಪು ಬಂತು. ಕಪ್ಪು ಬಿಳುಪಿನ ಪರದೆಯ ನಡುವೆ, ದೇವಿಯ ಹಣೆಯಲ್ಲಿ ನಿಗಿನಿಗಿ ಹೊಳೆದು, ಅಲುಗುತ್ತ, ಕೆಳಗಿಳಿದು ರಾಕ್ಷಸನ ಎದೆಯ ಮೇಲೆ ಹರಡಿತು. ಅಲ್ಲಿದ್ದ ಒಬ್ಬರೂ ತಮ್ಮ ಜನ್ಮದಲ್ಲಿ ಸಿನಿಮಾದಲ್ಲಿ ಬಣ್ಣ ಕಂಡವರಲ್ಲ. ಮಾಲಕರ ಕೈಯಿಂದ ಭೋಂಗಾ ಜಾರಿ ಬಿತ್ತು. ನಾನು ಹೆದರಿಕೆಗೆ ಹಿಡಿಯನ್ನು ನಿಧಾನ ಮಾಡಿದೆ, ಕೆಂಪು ಇನ್ನಷ್ಟು ಹೊತ್ತು ನಿಂತಿತು.

"ರಗತಾ!" ಎಂದು ಯಾರೋ ಚೀರಿದರು.

ಆಮೇಲೆ ಎದ್ದ ಕೇಕೆ ಹೇಗೆ ವರ್ಣಿಸಲಿ! ಟೊಪ್ಪಿಗೆಗಳು ಹಾರಿದವು. ಹೆಂಗಸರು ಎದ್ದು ನಿಂತು ಕೈಮುಗಿದರು. ನಿನ್ನೆ ಬೆದರಿಕೆ ಹಾಕಿದ ಹಿರಿಯರು ತಲೆಯ ಪಟಕ ಬಿಚ್ಚಿ ಬೀಸುತ್ತಿದ್ದರು. ಮಾಲಕರು ಭೋಂಗಾ ಹುಡುಕಿ ಎತ್ತಿಕೊಂಡು, ನಾಚಿಕೆಯ ಲವಲೇಶವಿಲ್ಲದೆ, "ನೋಡ್ರಿ, ನೋಡ್ರಿ! ನಿಮ್ಮ ಸಲುವಾಗಿ ಇವತ್ತ ಬೊಂಬಾಯಿಯಿಂದ ತರಿಸೇನಿ!" ಎಂದು ಕೂಗಿದರು. "ಸುಳ್ಳ ಹೇಳ್ತಾನ ನೋಡು, ಮನ್ಯಾಗ ಅರದದ್ದು" ಎಂದಳು ಗಂಗವ್ವ, ನನಗೆ ಮಾತ್ರ ಕೇಳುವಂತೆ.

ಆಟ ಮುಗಿದು ಮಾಲಕರು ನನ್ನ ಬಳಿ ಬಂದರು. ನಾನು ಅಂಗಿಯ ಗುಂಡಿ ಹಾಕಿಕೊಂಡು, ಊರಿಗೆ ಹೊರಡುವವನ ಹಾಗೆ ನಿಂತಿದ್ದೆ.

"ಏನಲೇ ಅದು ಕೆಂಪಂದು?"

"ಕುಂಕುಮರೀ. ನಾಳೆ ತೊಳದ ಬಿಡ್ತೇನ್ರಿ."

"ತೊಳದೀಯ ಮತ್ತ! ತೊಳದ್ಯೋ, ಗಾಣಕ್ಕ ನಿಮ್ಮಪ್ಪಲ್ಲ, ನಾನ ಹೂಡ್ತೇನಿ!"

ಕೆಲಸ ಉಳಿಯಿತು. ನಿಡೋಣಿಯ ಆಟಕ್ಕೆ ಗಂಗವ್ವ ಮತ್ತೆ ತಟ್ಟೆ ಹಿಡಿದು ಬಂದಳು, ಆಮೇಲೆ ಡೇರೆಯ ಜೊತೆಗೇ ಉಳಿದು ನಮಗೆಲ್ಲ ರೊಟ್ಟಿ ಹಾಕಿದಳು. ಕೆಂಪು ಮಾಸಿದಾಗಲೆಲ್ಲ ತಾನೇ ಕಡ್ಡಿ ತೆಗೆದುಕೊಂಡು ಕೂಡುತ್ತಿದ್ದಳು. ಒಬ್ಬ ದೇವಿಯನ್ನೂ ಬಿಡುತ್ತಿರಲಿಲ್ಲ.

ಆಮೇಲೆ ಎಲ್ಲ ಬದಲಾಯಿತು. ಡೇರೆಗೂ ಮಾತು ಬಂತು, ಮಾಲಕರು ಭೋಂಗಾ ಅಟ್ಟಕ್ಕೆ ಹಾಕಿ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಯಂತ್ರಕ್ಕೆ ಮೋಟರು ಬಂತು, ನನ್ನ ರಟ್ಟೆಗೆ ಕೆಲಸ ತಪ್ಪಿತು. ಡೇರೆ ಹೋಗಿ ಟಾಕೀಸು ಎದ್ದಿತು. ಗಂಗವ್ವ ಹೋದಳು. ಅವಳ ಹಿಂದೆಯೇ ಆ ಹಳೆಯ ಸುರುಳಿಗಳೂ ಅಂಟಂಟಾಗಿ, ಪುಡಿಯಾಗಿ ಹೋದವು. ಮಾವನ ತರುವಾಯ ಶಿವಾನಂದರೇ ಟಾಕೀಸು ನಡೆಸಿದರು, ನಾನು ನಿವೃತ್ತನಾದದ್ದು ಅವರ ಕೈಕೆಳಗೆ. ಒಳ್ಳೆಯ ಮನುಷ್ಯ. ಒಂದೇ ಒಂದು ಸಿನಿಮಾದಿಂದಲೂ ಒಂದು ಗೇಣು ಕತ್ತರಿಸಲು ಅವರು ಬಿಡಲಿಲ್ಲ.

ಮೊನ್ನೆ ಮೊನ್ನೆ ಇಲ್ಲಿಯ ಕಾಲೇಜಿನ ಹುಡುಗರು ಮುಂಬಯಿಯ ಕಡೆ ಎಲ್ಲೋ ಆ ಸಿನಿಮಾದ ಪೂರ್ತಿ ಪ್ರತಿ ಇರುವುದನ್ನು ಪತ್ತೆಹಚ್ಚಿ ತರಿಸಿದರು. ಒಂದು ಮಧ್ಯಾಹ್ನ ಹಳಬರನ್ನೆಲ್ಲ ಕರೆದು ತೋರಿಸಿದರು. ಟಿಕೋಟಾ, ಬಬಲೇಶ್ವರ, ನಿಡೋಣಿಗಳಿಂದ ಕೋಲು ಊರಿಕೊಂಡು, ಮೊಮ್ಮಕ್ಕಳ ಹೆಗಲು ಹಿಡಿದುಕೊಂಡು ಬಂದರು. ನಾನು ಶಿವಾನಂದರ ಪಕ್ಕ ಕುಳಿತೆ. ಮೊದಲ ಬಾರಿಗೆ ಅದರ ನಿಜವಾದ ಹೆಸರು ಪರದೆಯ ಮೇಲೆ ಬಂತು. ಯಾರೂ ಓದಲಿಲ್ಲ.

ಕಂಬ ಬಂದಾಗ ಚಪ್ಪಾಳೆ. ಹಗ್ಗಕ್ಕೆ ಸಿಳ್ಳೆ. "ನೋಡ್ರಿ, ಕುದರಿ ಆರಾಮಾಗೇತಿ!" ಎಂದು ಒಬ್ಬ ಮುದುಕ ಕೂಗಿದ. ಕಿರೀಟ ವಾಲಿತು, ನೇರವಾಯಿತು. ಕಾಲು ಎದ್ದಿತು. ಹಲ್ಲಿಲ್ಲದ ಬಾಯಿಗಳೆಲ್ಲ ಸೇರಿ ಗೋಡೆ ನಡುಗುವಂತೆ, "ನಾಕೂವರೀ!"

ಆಮೇಲೆ ಎಲ್ಲರೂ ಕಾದರು. ದೇವಿಯ ಹಣೆ ಬೆಳ್ಳಗೇ ಇತ್ತು. ರಾಕ್ಷಸನ ಎದೆ ಬೋಳಾಗಿತ್ತು. ದೇವತೆಗಳು ಹೂವು ಚೆಲ್ಲಿದರು, ಸಿನಿಮಾ ಮುಗಿದುಹೋಯಿತು.

"ರಗತ ಎಲ್ಲಿ?" ಎಂದಿತು ಹಿಂದಿನಿಂದ ಒಂದು ನಡುಗುವ ದನಿ. "ಅಳ್ಯಾಗ ಕೊಟ್ರೇನ್ರಿ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವಾನಂದರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಯಂತ್ರ ನಡೆಸುತ್ತಿದ್ದ ಹುಡುಗ ಗಾಬರಿಯಿಂದ ನನ್ನ ಬಳಿ ಓಡಿಬಂದ. "ಅಜ್ಜಾರ, ನನ್ನಿಂದ ಏನರ ತಪ್ಪಾತೇನ್ರಿ? ಯಾವ ಕೆಂಪು ಕೇಳಾಕತ್ತಾರ್ರಿ ಇವರು? ಮುಂಬಯಿ ಪ್ರತಿಯೊಳಗ ಇಲ್ರೀ ಅದು!"

"ನಿಂದೇನೂ ತಪ್ಪಿಲ್ಲ ತಮ್ಮಾ. ಅದು ಮುಂಬಯಿದಲ್ಲ, ಟಿಕೋಟಾದ ಗಂಗವ್ವಂದು" ಎಂದೆ. ಆ ಮುದುಕಿ ಪಕ್ಕದಲ್ಲಿ ಕುಳಿತು ಗಂಟಲು ಸರಿಮಾಡಿಕೊಳ್ಳುತ್ತಾಳೇನೋ ಎನ್ನಿಸಿತು.

ಜನ ಕರಗಿದರು. ಶಿವಾನಂದರು ನನ್ನ ಹೆಗಲು ಹಿಡಿದು ಮೆಲ್ಲಗೆ ಎದ್ದರು. ಮದುವೆಯ ಗಡಿಯಾರ ಇನ್ನೂ ಅವರ ಕೈಯಲ್ಲೇ ಇತ್ತು, ಪಟ್ಟಿ ಮಾತ್ರ ಹೊಸದು. ಚಾ ಕುಡಿದು ಮನೆಗೆ ಹೋದರಾಯಿತೆಂದು ನಾನು ಕೇಳಿದೆ:

"ವ್ಯಾಳೆ ಎಷ್ಟಾತ್ರಿ ಸಾಹುಕಾರ?"

"ನಾಕೂವರಿ" ಎಂದರು, ಗಡಿಯಾರ ನೋಡದೆಯೇ.